ಬುಟ್ಟಿ ಹೊತ್ತವಳ ನಡಿಗೆ

ಬಾಳೆಹಣ್ಣಿನ ಆಯಿಯ ಕುತ್ತಿಗೆ ಅಲುಗುತ್ತಿರಲಿಲ್ಲ. ತಲೆಯ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿ. ಮೊಣಕಾಲು ಸದಾ ತುಸು ಬಾಗಿರುತ್ತಿತ್ತು, ಪಾದಗಳು ಗಿಡ್ಡ ಹೆಜ್ಜೆಯಲ್ಲಿ ಚುರುಕಾಗಿ ಓಡುತ್ತಿದ್ದವು. ಕುತ್ತಿಗೆ ಮಾತ್ರ ನೆಟ್ಟಗೆ, ಎರಡು ನರ ಹುರಿಗಟ್ಟಿ ನಿಂತಿರುತ್ತಿದ್ದವು. ಬೆಳಗಿನ ಬಸ್ಸಿಗೆ ಬಂದು, ನಮ್ಮ ಗಾಜಿಪುರದ ಓಣಿಗಳನ್ನೆಲ್ಲ ಸುತ್ತಿ, ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿ ಮಾಡುತ್ತಿದ್ದಳು.

ಒಮ್ಮೆ ಹಿಂದಿನಿಂದ "ಆಯೀ" ಎಂದು ಕೂಗಿದೆ. ತಲೆ ತಿರುಗಿಸಲಿಲ್ಲ. ನಿಂತಳು, ಪಾದಗಳನ್ನು ಒಂದೊಂದಾಗಿ ಕದಲಿಸಿ ಬುಟ್ಟಿ ಸಮೇತ ಇಡೀ ಮೈಯನ್ನೇ ನನ್ನತ್ತ ತಿರುಗಿಸಿ ಬೈದಳು.

"ಮುಂದ ಬಂದು ಕರೀಬೇಕವಾ. ಕುತ್ತಿಗಿ ಒಂದೇ ಹೊಳ್ಳಿದ್ರ ಬುಟ್ಟಿ ನಿಮ್ಮಪ್ಪ ಹಿಡೀತಾನೇನು?"

ನಾನು ಸೇಡಂ ರಸ್ತೆಯ ಸಣ್ಣ ಕಂಪನಿಯೊಂದರಲ್ಲಿ ವಿಡಿಯೋ ಗೇಮಿನ ಪಾತ್ರಗಳಿಗೆ ಚಲನೆ ಕೊಡುವ ಅನಿಮೇಟರ್. ಆಗ ಮಾಡುತ್ತಿದ್ದ ಗೇಮಿನಲ್ಲಿ ಒಂದು ಸಂತೆ ಬೀದಿ, ಅದರಲ್ಲಿ ಹಣ್ಣಿನ ಬುಟ್ಟಿ ಹೊತ್ತ ಒಬ್ಬ ಮುದುಕಿ. ಬೈಗುಳ ತಿಂದ ಗಳಿಗೆಯಲ್ಲೇ ಆ ಮುದುಕಿ ಇವಳೇ ಎಂದು ತೀರ್ಮಾನಿಸಿದೆ. "ನಿನ್ನ ನಡಿಗಿ ಗೇಮಿನ್ಯಾಗ ಹಾಕ್ತೀನಿ ಆಯಿ" ಅಂದಾಗ ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ಫೋನಿನ್ಯಾಗ ನಾ ನಡೀತೀನೇನು? ಕಮಲಾಪುರದ ಮಂದಿಗೆಲ್ಲ ತೋರಸ್ತೀನಿ ನೋಡು!"

ಎರಡು ಮುಂಜಾನೆ ಓಣಿಯುದ್ದಕ್ಕೂ ನಡೆದಳು, ನಾನು ವಿಡಿಯೋ ಮಾಡಿದೆ. ಬಿಸಿಲೇರಿತೆಂದು ಖಾಲಿ ಬುಟ್ಟಿಯೇ ಸಾಕು ಅಂದದ್ದು ದೊಡ್ಡ ತಪ್ಪಾಯಿತು.

"ಖಾಲಿ ಬುಟ್ಟಿ ಹೊತ್ಕೊಂಡು ಭಾರ ಅದ ಅಂತ ಸುಳ್ಳು ನಡೀಲೇನು? ನೋಡೋರು ಕುರುಡರೇನು?"

ಹದಿನೈದು ದಿನ ಕೂತು ಆ ನಡಿಗೆಯನ್ನು ಪಾತ್ರಕ್ಕೆ ಇಳಿಸಿದೆ. ಗೇಮಿನ ನಾಯಕ ಕೂಗಿದರೆ ಮುದುಕಿ ನಿಂತು, ಪಾದ ಕದಲಿಸಿ, ಮೈಯನ್ನೆಲ್ಲ ತಿರುಗಿಸುತ್ತಿದ್ದಳು. ಮ್ಯಾನೇಜರ್ ಅರ್ಧ ನಿಮಿಷ ನೋಡಿದ.

"ಹೊಳ್ಳಲಿಕ್ಕ ಇಷ್ಟೊತ್ತು ತಗೊಂಡ್ರ ಆಡೋರಿಗೆ ಬ್ಯಾಸರಾಗ್ತದ್ರೀ. ಮುದುಕಿ ಕಾಲು ಯಾರು ನೋಡ್ತಾರ? ರೆಡಿಮೇಡ್ ನಡಿಗಿ ಅದಲ್ಲ, ಹಾಕಿಬಿಡ್ರಿ."

ಆ ರೆಡಿಮೇಡ್ ನಡಿಗೆಯ ಕಥೆ ಕೇಳಿ. ಹೆಣ್ಣು ಪಾತ್ರ ಅಂದರೆ ಸಾಕು, ಸೊಂಟ ಕುಣಿಸುತ್ತದೆ. ಡಾಕ್ಟರಮ್ಮನಿಗೂ ಅದೇ, ಟೀಚರಿಗೂ ಅದೇ, ಎಪ್ಪತ್ತರ ಮುದುಕಿಗೂ ಅದೇ! ನಾಯಕನ ಕೋಟಿನ ಅಂಚು ಗಾಳಿಗೆ ಹಾರಲೆಂದು ಒಂದಿಡೀ ತಿಂಗಳು ಕೊಟ್ಟ ಜನ ಇವರು. ಅವನು ಪಕ್ಕದಲ್ಲಿ ಹಾದರೆ ಮುದುಕಿಯ ತಲೆ ಗಿರಕ್ಕನೆ ಅತ್ತ ತಿರುಗುತ್ತದೆ, ಬುಟ್ಟಿ ಗೋಂದು ಹಚ್ಚಿದ ಹಾಗೆ ಅಲ್ಲೇ ಕೂತಿರುತ್ತದೆ. ಇದನ್ನು ಆಡಿದವರು ಗ್ರಾಫಿಕ್ಸ್ ಸೂಪರ್ ಎಂದು ಬರೆಯುತ್ತಾರೆ. ಬಾಳೆಹಣ್ಣಿನ ಹೊಳಪು ಎಲ್ಲರಿಗೂ ಕಂಡಿತು, ಅದನ್ನು ಹೊತ್ತವಳು ಯಾರಿಗೂ ಕಾಣಲಿಲ್ಲ. ನಾನು ಜಗಳಾಡಿದೆ, ಸೋತೆ. ಕೊನೆಗೆ ನನ್ನ ಕೈಯಾರೆ ಆಯಿಯ ನಡಿಗೆಯನ್ನು ತೆಗೆದು ಆ ಕುಣಿತ ಹಾಕಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಗೇಮ್ ಹೊರಬರುವ ಹೊತ್ತಿಗೆ ಆಯಿ ಹಾಸಿಗೆ ಹಿಡಿದಿದ್ದಳು. ಅವಳ ಜೊತೆ ಬಸ್ಸಿಗೆ ಬರುತ್ತಿದ್ದ ಹೂ ಮಾರುವವಳ ಹತ್ತಿರ ಮನೆ ಎಲ್ಲೆಂದು ಕೇಳಿಕೊಂಡು ಕಮಲಾಪುರಕ್ಕೆ ಹೋದೆ. ಮಾತಾಡಿಸಿ ಬರೋಣ, ಗೇಮ್ ತೋರಿಸುವುದು ಬೇಡ ಅಂದುಕೊಂಡಿದ್ದೆ. ಅವಳು ಬಿಡಬೇಕಲ್ಲ! ಫೋನ್ ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇಕಿ ತಲಿ ಮ್ಯಾಲ ಏನೂ ಭಾರ ಇಲ್ಲವಾ," ಅಂದಳು.

ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿತು.

"ನಿನಗ ಬರ್ಲಿಲ್ಲೇನು? ಹೋಗ್ಲಿ ಬಿಡು. ನಾನೇ ಗಡಬಡ ಮಾಡಿ ನಡದಿದ್ದೆ. ತಡಿ, ಮತ್ತೊಮ್ಮಿ ತೋರಸ್ತೀನಿ. ಈ ಸಲ ಛಂದಾಗಿ ನೋಡ್ಕೋ."

ಗೋಡೆ ಹಿಡಿದು ಎದ್ದೇಬಿಟ್ಟಳು. ನಡುಗುವ ಕಾಲಿನಲ್ಲಿ ಮೂರು ಹೆಜ್ಜೆ ಹಾಕಿದಳು, ನಾಲ್ಕನೆಯದಕ್ಕೆ ನಾನು ಹಿಡಿದುಕೊಂಡೆ. "ತಿಳೀತೇನು?" ಎಂದು ಕೇಳಿದಳು. ತಿಳೀತು ಅಂದೆ.

ಎರಡು ವಾರಕ್ಕೆ ಹೋಗಿಬಿಟ್ಟಳು. ಭಾರ ಅಂದರೆ ಏನೆಂದು ನನಗೆ ಕಲಿಸಿದವಳು ಅವಳೊಬ್ಬಳೇ. ನೀನು ಕಲಿಸಿದ್ದು ನನಗೆ ಮೊದಲ ಸಲಕ್ಕೇ ಬಂದಿತ್ತು ಆಯಿ, ಅದನ್ನು ಕಿತ್ತು ಹಾಕಿದವಳೂ ನಾನೇ, ಎಂದು ಹೇಳಲು ಅವತ್ತು ಬಾಯಿ ಬರಲಿಲ್ಲ. ತನ್ನ ಕಲಿಸುವಿಕೆಯಲ್ಲೇ ಏನೋ ಕೊರತೆಯಾಯಿತು ಎಂದುಕೊಂಡೇ ಅವಳು ಹೋದಳು.