ಗಾದಿ ಸಾಬರ ದಬದಬಿ

ವಾರವೆಲ್ಲ ರಾಯಚೂರು ಮಂದಿಯನ್ನು ಮೆತ್ತಗೆ ಮಲಗಿಸುವ ಗಾದಿ ಅಂಗಡಿಯ ಪೀರಾ ಸಾಬರು, ಮಳೆಗಾಲದ ಭಾನುವಾರ ಬಂತೆಂದರೆ ಅದೇ ಮಂದಿಯನ್ನು ಬೆಳಿಗ್ಗೆ ಎಬ್ಬಿಸಿ, ದೇವದುರ್ಗದ ಬಸ್ಸು ಹತ್ತಿಸಿ, ಗುಡ್ಡದಾಚೆಯ ಜಲಪಾತಕ್ಕೆ, ಅವರ ಬಾಯಲ್ಲಿ ದಬದಬಿಗೆ, ನಡೆಸಿಕೊಂಡು ಹೋಗುತ್ತಾರೆ. ತಲೆಗೆ ಟವೆಲ್, ಕೈಯಲ್ಲಿ ಹತ್ತಿ ಬಡಿಯುವ ಕೋಲು, ಹೆಗಲಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯ ಚೀಲ. ಎಷ್ಟು ದೂರ ಎಂದು ಯಾರು ಕೇಳಿದರೂ "ಇಲ್ಲೇ ಅದ ಬರ್ರಿ" ಎನ್ನುತ್ತಾರೆ. ಆ ‘ಇಲ್ಲೇ’ಯೊಳಗೆ ಎರಡು ಹಳ್ಳ, ಊರಗಲದ ಜಾಲಿಕಂಟಿ, ಅರ್ಧ ಗುಡ್ಡ ಹಿಡಿಸುತ್ತವೆ. ಕೂತವರನ್ನು ಮಿರ್ಚಿ ತೋರಿಸಿ ಎಬ್ಬಿಸುತ್ತಾರೆ, ನೀರಿನ ಸಪ್ಪಳ ಕೇಳುವ ತನಕ ತಿನ್ನಲು ಮಾತ್ರ ಕೊಡುವುದಿಲ್ಲ. ಹೆಂಡತಿ ಹೀರಾಬಿಗೆ ತಿಳಿಯದ್ದು ಒಂದೇ: ಮನೆಗೆ ಬಂದ ಗಂಡನ ಅಂಗಿ ಬೆನ್ನ ಕಡೆಗಷ್ಟೇ ತೋಯ್ದಿರುತ್ತದೆ. ಕೇಳಿದರೆ, "ಮುಂದಿಂದು ಗಾಳಿಗೆ ಆರ್ಯದ" ಎಂದು ಹಾರಿಸಿಬಿಡುತ್ತಾರೆ. ಈ ಸಲ ಮೊಣಕಾಲು ನೋವು ನುಂಗಿಕೊಂಡು, ಬಂಡೆ ಬಂಡೆಗೂ ಗಂಡನನ್ನು ಬೈಯುತ್ತ ಅವಳೂ ಹೋದಳು. ಕೊನೆಯ ಬಂಡೆ ಹತ್ತಿರ ಬಂದದ್ದೇ ಸಾಬರು ಮುಂದೆ ಓಡಿ, ಧುಮುಕುವ ನೀರಿಗೆ ಬೆನ್ನು ಕೊಟ್ಟು ನಿಂತು, ಮೇಲೆ ಬರುವ ಒಬ್ಬೊಬ್ಬರ ಮಾರಿ ಅರಳುವುದನ್ನೇ ನೋಡತೊಡಗಿದರು. ಎಲ್ಲರಿಗಿಂತ ಹಿಂದೆ ಬಂದ ಹೀರಾಬಿ ಬೈಗುಳ ಮರೆತು ಬಾಯಿ ತೆರೆದು ನಿಂತಳು. ಆಮೇಲೆ, "ಆ ಕಡಿ ತಿರುಗ್ರಿ, ನೀರು ಹಿಂದ ಅದ" ಎಂದಳು. "ಇರ್ಲಿ ಬಿಡು," ಎಂದರು ಸಾಬರು, ಅವಳ ಮಾರಿಯಿಂದ ಕಣ್ಣು ಕೀಳದೆ, "ನೀರು ಬರೋ ವರ್ಷನೂ ಬರ್ತದ."