ಮಧ್ಯಾಹ್ನ ಎರಡರ ಮೇಲಿನ ಕರೆಂಟು

ನಝೀಹಾಳಿಗೆ ಅನುಮಾನ ಹುಟ್ಟುಗುಣ. ಕಲ್ಲಂಗಡಿಯನ್ನು ತಟ್ಟಿ ನೋಡಿದರೆ ಸಾಲದು, ಕೊಯ್ಸಿಯೇ ನೋಡಬೇಕು. ಕಾರ್ಖಾನೆ, ಆಫೀಸುಗಳನ್ನು ಬಿಸಿಲಿನ ಕರೆಂಟಿನಿಂದಲೇ ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಇಡುವ ವ್ಯವಸ್ಥೆ ರೂಪಿಸುವುದು ಅವಳ ಕಸುಬು. ಮೀಟರು ಹೇಳಿದ್ದು ಬಿಟ್ಟರೆ ಯಾರ ಮಾತನ್ನೂ ನಂಬಿದವಳಲ್ಲ.

ಕ್ಸಾರ್ ಹೆಲಾಲ್ ಊರಿನಲ್ಲಿ ಲಮೀನ್ ಸಾಹೇಬರ ಹೊಲಿಗೆ ಕಾರ್ಖಾನೆಗೆ ಅವಳು ಚಳಿಗಾಲದಲ್ಲಿ ಹಾಕಿಸಿದ ವ್ಯವಸ್ಥೆ, ಈ ಬೇಸಿಗೆಯ ಹಬ್ಬ ಕಳೆದ ವಾರಕ್ಕೇ ಕೈಕೊಟ್ಟಿತು. ಚಾವಣಿಯ ತುಂಬ ಸೌರಫಲಕ, ಅಂಗಳದಡಿ ಗಾಳಿ ತಂಪಾಗಿಸುವ ಕೊಳವೆ, ಬ್ಯಾಟರಿ ಎಲ್ಲ ನೆಟ್ಟಗಿದ್ದವು. ಆದರೂ ಮಧ್ಯಾಹ್ನ ಮೂರಕ್ಕೆ ಕರೆಂಟು ಸಾಲದೆ ತಂಪು ನಿಲ್ಲುತ್ತಿತ್ತು. ಇಸ್ತ್ರಿ ಮೇಜಿನ ಹೆಂಗಸೊಬ್ಬಳು ಬವಳಿ ಬಂದು ಬಿದ್ದಳು. ಲೆಕ್ಕವಂತೂ ತಪ್ಪಿರಲಾರದು, ಹೋದ ವರ್ಷ ಮೂರು ವಾರ ತಾನೇ ಮೀಟರು ಕೂರಿಸಿ ಅಳೆದದ್ದು. ಅಂದಮೇಲೆ ಯಾರೋ ಕದಿಯುತ್ತಿದ್ದಾರೆ.

ಯಾರೋ ಏನು, ಮಬ್ರೂಕನೇ. ಇಪ್ಪತ್ತೆರಡು ವರ್ಷದಿಂದ ಯಂತ್ರಗಳ ಉಸ್ತುವಾರಿ ಆತನದು. ಗೋಡೆಯಾಚೆ ಅವನ ಅಳಿಯನ ವೆಲ್ಡಿಂಗ್ ಅಂಗಡಿ, ಮಧ್ಯಾಹ್ನವಾದರೆ ಸಾಕು ಕಿಡಿ ಹಾರುತ್ತದೆ. ಸಾಲದ್ದಕ್ಕೆ ಮನುಷ್ಯ ಮೈಗಳ್ಳ. ಅಳೆಯಲು ಹೋದಾಗಲೇ, ಇವಾಗ ಬೇಡ, ಹಬ್ಬ ಆದ ಮೇಲೆ ಅಳೆಯಮ್ಮ ಎಂದು ಏಣಿಯ ಬುಡದಲ್ಲಿ ಗೊಣಗಿದ್ದ.

ಅವಳು ಸಾಹೇಬರ ಕಿವಿಗೆ ಹಾಕಿದಳು. ಅವರು ಸೋಮವಾರವೇ ಮಬ್ರೂಕನಿಂದ ಕೀಲಿಗೊಂಚಲು ಇಸಿದುಕೊಂಡು, ಅವಳು ಶನಿವಾರದೊಳಗೆ ಪುರಾವೆ ತಂದರೆ ಆತನನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದರು. ಮಬ್ರೂಕ್ ಜಗಳಾಡಲಿಲ್ಲ, ಕರೆಂಟು ಕದ್ದ ತಂತಿ ಇದ್ದರೆ ಹುಡುಕಿಕೊಳ್ಳಿ ಎಂದು ಹೇಳಿ ಮನೆಗೆ ಹೋದ. ನಾಲ್ಕು ದಿನ ಉರಿಬಿಸಿಲಲ್ಲಿ ನಝೀಹಾ ಗೋಡೆಯುದ್ದಕ್ಕೂ ತಡಕಿದಳು. ತಂತಿ ಸಿಗಲಿಲ್ಲ. ಎಂಥ ಪಾಕಡಾ ಕಳ್ಳ, ಗುರುತೂ ಬಿಟ್ಟಿಲ್ಲವಲ್ಲ ಎಂದು ಇನ್ನಷ್ಟು ಉರಿದುಬಿದ್ದಳು.

ಶುಕ್ರವಾರ ಅಮ್ಮ ಊಟಕ್ಕೆ ಕುಸ್ಕುಸ್ ರವೆ ಬೇಯಿಸುತ್ತಿದ್ದಾಗ ಅವಳು ಹೋದ ವರ್ಷದ ಅಳತೆಗಳನ್ನು ಹರವಿಕೊಂಡು ಕೂತಿದ್ದಳು. ದಿನಾ ಎರಡು ಗಂಟೆಯಾದರೆ ಕರೆಂಟು ಬಳಕೆಯ ಗೆರೆ ನೆಲಕಚ್ಚಿತ್ತು. ಆಗಲೂ ಆ ಮೈಗಳ್ಳ ಮಬ್ರೂಕನೇ ಯಂತ್ರ ಆರಿಸಿರಬೇಕು ಎಂದು ಬೈದುಕೊಂಡಳು.

"ಯಾವಾಗಿನದೇ ಅದು?" ಎಂದಳು ಅಮ್ಮ.

"ಹೋದ ಜೂನ್‌ದು."

"ಅಯ್ಯೋ ಮಂಕೇ, ಆಗ ಉಪವಾಸದ ತಿಂಗಳು. ಒಂದೂವರೆಗೆಲ್ಲ ಕಾರ್ಖಾನೆ ಬಾಗಿಲು ಹಾಕ್ತಿದ್ರು. ನೀನು ಖಾಲಿ ಮನೆ ಅಳೆದಿದೀಯ."

ನಝೀಹಾ ತಾರೀಖುಗಳನ್ನು ಬೆರಳಿಟ್ಟು ನೋಡಿದಳು. ಅವಳೂ ಆ ತಿಂಗಳು ಎರಡಕ್ಕೆಲ್ಲ ಮನೆಗೆ ಬಂದು ಮಲಗುತ್ತಿದ್ದಳು. ಮೀಟರು ಮಾತ್ರ ಅಲ್ಲಿ ಖಾಲಿ ಕಾರ್ಖಾನೆಯನ್ನು ಬರೆದುಕೊಳ್ಳುತ್ತಿತ್ತು. ಮಧ್ಯಾಹ್ನದ ಇಸ್ತ್ರಿಗಳು, ಇನ್ನೂರು ಮೈಗಳ ಸೆಕೆ, ಯಾವುದೂ ಲೆಕ್ಕಕ್ಕೆ ಬಂದಿರಲಿಲ್ಲ. ಹಬ್ಬ ಆದ ಮೇಲೆ ಅಳೆ ಎಂದು ಆ ಮುದುಕ ಹೇಳಿದ್ದು ಅದಕ್ಕೇ.

ಶನಿವಾರ ಸಾಹೇಬರೆದುರು ತಪ್ಪೊಪ್ಪಿಕೊಂಡು, ಕೀಲಿಗೊಂಚಲು ಹಿಡಿದು ಮಬ್ರೂಕನ ಮನೆಗೆ ಹೋದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಮಾಮ, ತಪ್ಪು ನಂದು. ಫಲಕ ಹೆಚ್ಚಿಗೆ ಹಾಕಿಸ್ತೀನಿ. ನೀವು ಕೆಲಸಕ್ಕೆ ಬನ್ನಿ."

ಆತ ಚಹಾ ಕೊಟ್ಟ, ಕೂರಲು ಹೇಳಿದ. ಕೀಲಿಗೆ ಮಾತ್ರ ಕೈಚಾಚಲಿಲ್ಲ.

"ನೀನು ನನ್ನ ಸೋಮಾರಿ ಅಂದ್ಕೊಂಡೆ, ಇರ್ಲಿ ಅಂತ ನಾನು ಸುಮ್ನಿದ್ದೆ. ಕಳ್ಳ ಅಂದೆಯಲ್ಲಮ್ಮ," ಎಂದ. "ನಾನು ಕದ್ದಿಲ್ಲ ಅಂತ ಕಾಗದದಲ್ಲಿ ಬರಿ. ಕಾರ್ಖಾನೆ ಬಾಗಿಲಿಗೆ ಅಂಟಿಸು. ಬಾಯಿಮಾತನ್ನ ನೀನೂ ನಂಬಲಿಲ್ಲ, ನಾನೂ ನಂಬಲ್ಲ."

ನಝೀಹಾ ಚೀಲದಿಂದ ಪೆನ್ನು ತೆಗೆದು ಅಲ್ಲೇ ಬರೆಯಲು ಕೂತಳು. ಆತ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದ.