ಲಾಕ್ ಹಾಕಿ ಬಿಡು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಪಾಲಪ್ಪನ ಶೆಡ್ಡು. ಬೋರ್ಡಿಲ್ಲ. ಒಂದು ಬೋರ್ಡು ಬರೆಸಿರೆಂದು ಹೆಂಡತಿ ಅನುಸೂಯಾ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಬರೆಯುವುದೆಂದರೆ ಈ ಮನುಷ್ಯನಿಗೆ ಮೊದಲಿನಿಂದಲೂ ಆಗಿಬರದು. ಬಾಯಿ ಬಿಟ್ಟರೆ ಮಾತ್ರ ಊಟ ಆರಿ ತಣ್ಣಗಾದರೂ ನಿಲ್ಲಿಸುವವನಲ್ಲ. ಅದರಲ್ಲೂ ಡಿಫರೆನ್ಷಿಯಲ್ ಲಾಕಿನ ಮಾತು ಬಂದರೆ ಎದುರಿಗಿದ್ದವನ ಕಥೆ ಮುಗಿಯಿತು.

ಜೀಪಿನ ಹಿಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಗುಂಪು ಇರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಜಗಳವಾಗದಂತೆ ಅದು ನೋಡಿಕೊಳ್ಳುತ್ತದೆ. ಒಳ್ಳೆಯ ರಸ್ತೆಯಲ್ಲಿ ಅಷ್ಟು ಜಾಣ, ಕೆಸರಿನಲ್ಲಿ ಶತದಡ್ಡ. ಒಂದು ಗಾಲಿ ಕೆಸರಿಗೆ ಬಿದ್ದರೆ ಇಂಜಿನ್ನಿನ ಬಲವೆಲ್ಲ ಅದಕ್ಕೇ ಹೋಗಿ ಅದು ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿನ ಗಾಲಿ ಕೈಕಟ್ಟಿ ನಿಲ್ಲುತ್ತದೆ. ಅದಕ್ಕೇ ಪಾಲಪ್ಪ ಒಳಗೆ ಲಾಕ್ ಕೂರಿಸುತ್ತಿದ್ದ. ಸ್ವಿಚ್ಚು ಒತ್ತಿದರೆ ಸೀಟಿನಡಿಯ ಪುಟ್ಟ ಕಂಪ್ರೆಸರ್ ಗಾಳಿ ಕೊಟ್ಟು ಲಾಕ್ ಹಾಕುತ್ತದೆ. ಎರಡೂ ಗಾಲಿ ಒಟ್ಟಿಗೇ ತಿರುಗಿ ಗಾಡಿ ಮೇಲೇಳುತ್ತದೆ. ಎದ್ದ ಮೇಲೆ ಲಾಕ್ ಬಿಡಬೇಕು. ಬಿಡದೆ ರಸ್ತೆಗೆ ಹೋದರೆ ಸ್ಟೇರಿಂಗ್ ತಿರುವಿದರೂ ಗಾಡಿ ನೆಟ್ಟಗೇ ಹೋಗಲು ನೋಡುತ್ತದೆ.

ಕೆಲಸ ಮಾತ್ರ ಚೊಕ್ಕ. ಗೇರಿನ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ತಾಗಿದ ಗುರುತು ಹಲ್ಲಿನ ನಟ್ಟನಡುವೆ ಬರುವ ತನಕ ಬಿಚ್ಚಿ ಮತ್ತೆ ಕೂರಿಸುತ್ತಿದ್ದ. ಮಳೆಗಾಲಕ್ಕೆ ಮುಂಚೆ ಎಲ್ಲ ಗಾಡಿಗಳನ್ನೂ ಕರೆಸಿ ಎಣ್ಣೆ ಇಳಿಸಿ, ಬೆರಳಲ್ಲಿ ತಿಕ್ಕಿ, ಕಬ್ಬಿಣದ ಪುಡಿ ಸಿಗುತ್ತದೆಯೇ ನೋಡುತ್ತಿದ್ದ. ಗಾಳಿ ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದೀತೇ ಎಂದು ಮೂಗು ತಾಗಿಸಿ ಕೂರುತ್ತಿದ್ದ. ಕೊನೆಗೆ ಡ್ರೈವರನನ್ನು ಶೆಡ್ಡಿನ ಹಿಂದಿನ ಕೆಸರಿಗೆ ಇಳಿಸಿ, ಲಾಕ್ ಹಾಕಿಸಿ, ಬಿಡಿಸಿ, ಹತ್ತು ಸಲ ಹೇಳಿಯೇ ಗಾಡಿ ಕೊಡುತ್ತಿದ್ದ.

ಒಂದೇ ಒಂದು ಗಾಡಿಯನ್ನು ಮಾತ್ರ ಹಾಗೆ ಹೇಳಿಕೊಡದೆ ಕೊಟ್ಟ. ಅದು ಮೂಕಣ್ಣನದು.

ಮೂಕಣ್ಣ ಕುರೆಕುಪ್ಪದವನು, ಇಪ್ಪತ್ತು ವರ್ಷದ ಸ್ನೇಹಿತ. ಸಂಡೂರಿನ ಗುಡ್ಡದಲ್ಲಿ ನೆಲ ಕೊರೆದು ಕಲ್ಲು ಪರೀಕ್ಷೆ ಮಾಡುವವರ ಜೀಪು ಓಡಿಸುತ್ತಿದ್ದ. ಹೆಸರಿಗೆ ತಕ್ಕಂತೆ ಮಾತು ಕಡಿಮೆ, ಕುಡಿತ ಗೊತ್ತಿಲ್ಲ. ಕಳೆದ ಆಷಾಢದಲ್ಲಿ ಆ ಜೀಪಿಗೆ ಹೊಸದಾಗಿ ಲಾಕ್ ಕೂರಿಸಿದ್ದಾಯಿತು. ಅವನು ಗಾಡಿ ಒಯ್ಯಲು ಬರುವ ದಿನವೇ ಕಂಪ್ಲಿಯಲ್ಲಿ ಪಾಲಪ್ಪನ ನೆಂಟರೊಬ್ಬರು ತೀರಿಕೊಂಡ ಸುದ್ದಿ ಬಂತು. ಹೊರಡುವ ಅವಸರದಲ್ಲಿ ಪಾಲಪ್ಪ ಎಂದೂ ಮಾಡದ ಕೆಲಸ ಮಾಡಿದ. ಅಂಟುಪಟ್ಟಿಯ ಒಂದು ತುಂಡಿನ ಮೇಲೆ ಬರೆದು ಸ್ವಿಚ್ಚಿನ ಕೆಳಗೆ ಅಂಟಿಸಿದ: ಲಾಕ್ ಹಾಕಿ ಬಿಡು.

ಅವನ ಮನಸ್ಸಿನಲ್ಲಿದ್ದದ್ದು ಹಾಕು, ಕೆಸರು ದಾಟಿದ ಮೇಲೆ ಬಿಡು ಎಂದು. ಆದರೆ ಪಟ್ಟಿ ಗಿಡ್ಡ, ಅಕ್ಷರ ದಪ್ಪ. ಕೊನೆಯ ಎರಡು ಮಾತು ಒತ್ತಿಕೊಂಡು ಒಂದೇ ಆಗಿಬಿಟ್ಟವು. ಹಾಕಿಬಿಡು ಎಂದು ಓದಿದವನು ಹಾಕಿ ಸುಮ್ಮನಾಗುತ್ತಾನೆ, ಕನ್ನಡ ಬಲ್ಲ ಯಾರಾದರೂ ಹಾಗೇ ಮಾಡುತ್ತಾರೆ.

ಮರುದಿನ ಮಧ್ಯಾಹ್ನ ಮಳೆಯಲ್ಲಿ ಗುಡ್ಡ ಇಳಿಯುವಾಗ ಜೀಪು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಹಳ್ಳಕ್ಕೆ ಮಗುಚಿತು. ಹಿಂದೆ ಕೂತಿದ್ದ ಹೆಣ್ಣಾಳಿನ ಕಾಲು ಮುರಿಯಿತು. ಮೂಕಣ್ಣ ಅಲ್ಲೇ ಹೋದ.

ಊರ ಬಾಯಿಗೆ ಕೆಲಸ ಸಿಕ್ಕಿತು. ಗಾಡಿ ಜೋರಾಗಿ ಹೊಡೆದನಂತೆ ಎಂದರು, ಮರುದಿನ ಕುಡಿದಿದ್ದನಂತೆ ಎಂದರು. ಜನ್ಮದಲ್ಲಿ ಹೆಂಡ ಮೂಸಿ ನೋಡದ ಮನುಷ್ಯನ ಬಗ್ಗೆ ಈ ಮಾತು! ಕಾಲು ಮುರಿದವಳ ಮನೆಯವರು ಮೂಕಣ್ಣನ ಬಾಗಿಲಿಗೇ ಬಂದು ಬೈದು ಹೋದರು. ಮೂಕಣ್ಣನ ಹೆಂಡತಿ ಗಾಳೆಮ್ಮ ತಲೆ ಎತ್ತಿ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು.

ಜಜ್ಜಿಹೋದ ಜೀಪನ್ನು ಎಳೆದು ತಂದು ಪಾಲಪ್ಪನ ಶೆಡ್ಡಿನಲ್ಲೇ ಬಿಟ್ಟರು. ಅವನು ಡಿಫರೆನ್ಷಿಯಲ್ ಬಿಚ್ಚಿ ಒಂದೊಂದು ಹಲ್ಲು, ಒಂದೊಂದು ಬೋಲ್ಟು ಮುಟ್ಟಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಒಳಗೆ ಬಗ್ಗಿ ನೋಡಿದರೆ ಸ್ವಿಚ್ಚು ಒತ್ತಿದ್ದು ಒತ್ತಿದಂತೆಯೇ ಇದೆ, ಕೆಳಗೆ ತನ್ನದೇ ಅಕ್ಷರ. ಅವನು ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ಜೇಬಿಗೆ ಹಾಕಿಕೊಂಡ.

ಹದಿನೈದು ದಿನ ಊಟ ಸೇರಲಿಲ್ಲ. ಆ ಪಟ್ಟಿಯ ಅರ್ಥ ಗೊತ್ತಿದ್ದವನು ಭೂಮಿಯ ಮೇಲೆ ಅವನೊಬ್ಬನೇ. ಹರಿದು ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಬಾಯಿ ತೆರೆಯದಿದ್ದರೆ ಮೂಕಣ್ಣ ಸತ್ತ ಮೇಲೂ ಕುಡುಕನಾಗಿಯೇ ಉಳಿಯುತ್ತಾನೆ. ಕೊನೆಗೆ ಅನುಸೂಯಾಳಿಗೆ ಹೇಳಿ ಅತ್ತ. "ಹೋಗಿ ಆಕೀಗೆ ಹೇಳಿ ಬರ್ರಿ. ಎದಿ ಹಗುರಾಗತೈತಿ," ಎಂದಳು ಅವಳು.

ಬೆಳಿಗ್ಗೆ ಹತ್ತರ ಹೊತ್ತಿಗೆ ಕುರೆಕುಪ್ಪಕ್ಕೆ ಹೋದ. ಗಾಳೆಮ್ಮ ಚಾಪೆ ಹಾಸಿದಳು.

"ಬರ್ರಿ ಅಣ್ಣ, ಕುಂದ್ರಿ. ನೀವೊಬ್ರರ ಬಂದ್ರಲ್ಲ."

ಪಾಲಪ್ಪ ಕೂರಲಿಲ್ಲ. ಪಟ್ಟಿಯನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ. "ತಂಗೀ, ಮೂಕಣ್ಣಂದು ತಪ್ಪಿಲ್ಲ. ಇದು ನಾ ಬರದದ್ದು. ಲಾಕ್ ಹಾಕಿ, ಆಮ್ಯಾಲ ಬಿಡು ಅಂತ ಬರದೆ. ಅಂವ ಹಾಕಿಬಿಡು ಅಂತ ಓದ್ಯಾನ. ಲಾಕ್ ಬಿಡದ ಇಳದಾನ, ಗಾಡಿ ತಿರುಗಿಲ್ಲ."

ಗಾಳೆಮ್ಮ ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಮಾಡಲಿಲ್ಲ. ಮುಖ ಬೆಳ್ಳಗಾಯಿತು.

"ಇದನ್ನ ಅಂವ ನನಗ ಕೇಳಿದ್ದ," ಎಂದಳು. "ಅವತ್ತು ಮುಂಜಾನಿ ರೊಟ್ಟಿ ತಿನ್ನಾಕ ಕುಂತಾಗ. ಪಾಲಣ್ಣ ಹಿಂಗ ಬರದಾನ, ಹಾಕಿ ಹಂಗ ಇಡೋದೋ, ಮತ್ತ ತಗಿಯೋದೋ, ಫೋನ್ ಹಚ್ಚಿ ಕೇಳ್ಲೇನು ಅಂದ. ನಾನ ಬ್ಯಾಡಂದೆ. ಸಾವಿನ ಮನಿಗೆ ಹೋಗ್ಯಾರ, ಯಾಕ ತ್ರಾಸು ಕೊಡ್ತಿ, ಅಣ್ಣ ಹಾಕಿಬಿಡು ಅಂದಮ್ಯಾಲ ಹಾಕಿಬಿಡು ಅಂದೆ. ಅಣ್ಣಾ... ಹಂಗಾರ ನಾನ ಕೊಂದೆನೇನು?"

ಎದೆ ಹಗುರ ಮಾಡಿಕೊಳ್ಳಲು ಬಂದ ಪಾಲಪ್ಪ ಆ ಭಾರವನ್ನು ತಂದು ಈ ಹೆಂಗಸಿನ ತಲೆಯ ಮೇಲೆ ಇಳಿಸಿದ್ದ. ಇನ್ನು ಬದುಕಿರುವ ತನಕ ಅವಳು ರೊಟ್ಟಿ ಮುರಿದಾಗಲೆಲ್ಲ ಆ ಮಾತು ನೆನೆಯಬೇಕು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಆಗ ಒಮ್ಮೆಗೇ ಎದ್ದಿತು.

"ಇಲ್ಲ ತಂಗೀ, ಇಲ್ಲ. ಅದರಿಂದಲ್ಲ. ಖರೇ ಹೇಳಾಕ ಧೈರ್ಯ ಸಾಲಲಿಲ್ಲ, ಅದಕ್ಕ ಈ ಚೀಟಿ ನೆವ ತಂದೆ. ಒಳಗಿನ ಬೋಲ್ಟ್ ಬಿಗಿ ಮಾಡೋದು ಮರ್ತಿದ್ದೆ. ನಿನ್ನಿ ಬಿಚ್ಚಿ ನೋಡಿದೆ, ಸಡ್ಲಾಗಿ ಬಿದ್ದು ಗೇರಿನಾಗ ಸಿಕ್ಕೊಂಡಿತ್ತು. ಗಾಲಿ ಜಾಮ್ ಆಗ್ಯಾವ. ಲಾಕ್ ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ನೀ ಅಂದದ್ದಕ್ಕೂ ಇದಕ್ಕೂ ಸಂಬಂಧನ ಇಲ್ಲ."

ಗಾಳೆಮ್ಮ ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷದ ಕಸುಬಿನಲ್ಲಿ ಒಂದು ಬೋಲ್ಟನ್ನೂ ಸಡಿಲ ಬಿಡದ ಮನುಷ್ಯ ಕಣ್ಣು ಕೆಳಗೆ ಹಾಕಿ ನಿಂತಿದ್ದ. ಅವಳು ನಂಬಿದಳು.

"ಅಣ್ಣ ಅಂತಿದ್ದ ನಿನಗ!" ಎಂದು ಚೀರಿದಳು. ಆಗ ಅವಳಿಗೆ ಅಳು ಬಂತು. "ಬೋಲ್ಟ್ ಬಿಗಿ ಮಾಡಾಕ ಆಗಲಿಲ್ಲೇನೋ ನಿನ್ನ ಕೈಗೆ? ಹೋಗು! ಮತ್ತ ಈ ಹೊಸ್ತಿಲ ತುಳೀಬ್ಯಾಡ!"

ಅಕ್ಕಪಕ್ಕದವರು ಹೊರಗೆ ಬಂದು ನಿಂತಿದ್ದರು. ಅವರಿಗೂ ಕೇಳುವಂತೆ ಪಾಲಪ್ಪ ಅದನ್ನೇ ಇನ್ನೊಮ್ಮೆ ಹೇಳಿದ. ಮೂಕಣ್ಣ ಕುಡಿದಿರಲಿಲ್ಲ, ಜೋರಾಗಿ ಹೊಡೆದಿರಲಿಲ್ಲ, ಕೆಲಸ ಕೆಡಿಸಿದವನು ನಾನು ಎಂದ. ಅಲ್ಲಿ ಹೇಳಿದ ಮಾತು ಸಂಜೆಯೊಳಗೆ ಎಲ್ಲ ಡ್ರೈವರುಗಳಿಗೂ ಮುಟ್ಟುತ್ತದೆ, ನಾಳೆಯಿಂದ ಶೆಡ್ಡಿಗೆ ಗಾಡಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದಾಗ ಅನುಸೂಯಾ ಬಾಗಿಲಲ್ಲೇ ನಿಂತಿದ್ದಳು.

"ಹೇಳಿದ್ರ್ಯಾ? ಏನಂದ್ಲು?"

"ಬೈದ್ಲು," ಎಂದ ಪಾಲಪ್ಪ. "ಭಾಳ ಬೈದ್ಲು. ಪುಣ್ಯಕ್ಕ ನನ್ನ ಒಬ್ಬನ್ನ ಬೈದ್ಲು." ಹಾಗೆಂದವನು ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.